ಗಾಳದ ರಾಡಿನ ಮೇಲೆ ದಾರದ ನೇಯ್ಗೆ: ಮೊದಲ ಎಳೆಯಿಂದ ಎಪಾಕ್ಸಿ ಲೇಪದವರೆಗೆ

ಅಂಗಡಿಯಲ್ಲಿ ಕೊಂಡ ಫಿಶಿಂಗ್ ರಾಡಿನಲ್ಲಿ ದಾರಕ್ಕಿರುವುದು ಒಂದೇ ಕೆಲಸ. ಲೈನ್ ಹಾದುಹೋಗುವ ಉಂಗುರಗಳನ್ನು, ಅಂದರೆ ಗೈಡುಗಳನ್ನು, ಅದು ಕೋಲಿಗೆ ಬಿಗಿಯಾಗಿ ಕಟ್ಟಿ ಹಿಡಿಯುತ್ತದೆ. ತಮ್ಮ ರಾಡನ್ನು ತಾವೇ ಕಟ್ಟಿಕೊಳ್ಳುವವರು ಅದೇ ದಾರವನ್ನು ಹಿಡಿಯ ಮುಂದಿನ ಒಂದು ಗೇಣು ಜಾಗದಲ್ಲಿ ಅಲಂಕಾರಕ್ಕೂ ಬಳಸುತ್ತಾರೆ. ಅಮೆರಿಕದ ಕಸ್ಟಮ್ ರಾಡ್ ಕಟ್ಟುವವರ ಕೈಯಲ್ಲಿ ಈ ಕಲೆ ಬಹಳ ದೂರ ಬೆಳೆದಿದೆ. ಮೀನು, ಹಕ್ಕಿ, ಧ್ವಜ, ರಾಡಿನ ಒಡೆಯನ ಹೆಸರು, ಎಲ್ಲವೂ ಬಣ್ಣ ಬಳಿಯದೆ ಬರಿಯ ದಾರದಲ್ಲೇ ಮೂಡುತ್ತವೆ.

ಅಲಂಕಾರದಲ್ಲಿ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು ಅಡ್ಡಸುತ್ತು. ದಾರವನ್ನು ಕೋಲಿನ ಸುತ್ತ ಓರೆಯಾಗಿ ಮೇಲಕ್ಕೊಮ್ಮೆ ಕೆಳಕ್ಕೊಮ್ಮೆ ಒಯ್ದು, ಎಳೆಗಳು ದಾಟುವ ಜಾಗದಲ್ಲಿ ವಜ್ರದಾಕಾರ ಬೆಳೆಯುವಂತೆ ಪಕ್ಕಪಕ್ಕಕ್ಕೆ ಬಣ್ಣ ಸೇರಿಸುತ್ತ ಹೋಗುವುದು. ಕಲಿಯುವವರು ಹೆಚ್ಚಾಗಿ ಅಲ್ಲಿಂದಲೇ ಶುರುಮಾಡುತ್ತಾರೆ. ಇನ್ನೊಂದು ನೇಯ್ಗೆ. ಇದರಲ್ಲಿ ಕೋಲಿನ ಉದ್ದಕ್ಕೆ ಮಲಗಿದ ಎಳೆಗಳು ಹಾಸು, ಕೋಲನ್ನು ಸುತ್ತುವ ದಾರ ಹೊಕ್ಕು. ಪ್ರತಿ ಸುತ್ತಿನಲ್ಲಿ ಯಾವ ಹಾಸಿನೆಳೆ ಮೇಲೆ ಕಾಣಬೇಕು, ಯಾವುದು ಹೊಕ್ಕಿನ ಅಡಿಗೆ ಹೋಗಬೇಕು ಎಂದು ಆರಿಸುತ್ತ ಹೋದರೆ ಚಿತ್ತಾರ ತಾನಾಗಿ ಏಳುತ್ತದೆ. ಮಗ್ಗದ ಮುಂದೆ ಒಮ್ಮೆ ಕೂತು ನೋಡಿದವರಿಗೆ ಈ ಲೆಕ್ಕ ಹೊಸದೇನೂ ಅನ್ನಿಸದು.

ಈ ಬರಹ ಆ ಎರಡನೆಯದರ ಬಗ್ಗೆ. ಗೈಡ್ ಕಟ್ಟುವಷ್ಟು ಸುತ್ತುವುದು ನಿಮಗೆ ಗೊತ್ತಿದ್ದರೆ ಒಳ್ಳೆಯದು. ಗೊತ್ತಿಲ್ಲದಿದ್ದರೂ ಹಳೆಯ ಕೋಲಿನ ಮೇಲೆ ಒಂದು ಸಂಜೆ ಬರಿಯ ಸುತ್ತು ಹಾಕಿ ಕೈ ಪಳಗಿಸಿಕೊಂಡು ಮುಂದುವರಿಯಬಹುದು.

ಮೊದಲಿಗೆ ಚಿತ್ರ ಬೇಡ

ಹೊಸದಾಗಿ ಕಲಿಯಹೊರಟವರು ಮೊದಲ ದಿನವೇ ಮೀನಿನ ಚಿತ್ರ ನೇಯಲು ಕೂರುತ್ತಾರೆ. ನನ್ನ ಸಲಹೆ ಬೇರೆ: ಮೊದಲು ಎಣಿಕೆಯ ಚಿತ್ತಾರ ನೇಯಿರಿ. ಕಾರಣ ಸರಳ. ಈ ಕೆಲಸದ ಚೆಂದ ನಿಂತಿರುವುದು ಕಾಣುವ ಎಳೆಗಿಂತ ಹೆಚ್ಚಾಗಿ ಅಡಿಯಲ್ಲಿ ಅಡಗಿರುವ ಎಳೆಯ ಮೇಲೆ. ಅದು ಸಡಿಲವಾದರೆ ಮೇಲಿನ ಸುತ್ತು ಉಬ್ಬುತ್ತದೆ, ಪಕ್ಕಕ್ಕೆ ಜಾರಿದರೆ ಚಿತ್ತಾರ ಓರೆಯಾಗುತ್ತದೆ, ಅದರ ಬಣ್ಣ ಹೊಕ್ಕಿನ ಮೂಲಕ ಇಣುಕಿದರೆ ಇಡೀ ಕೆಲಸ ಮಸುಕಾಗುತ್ತದೆ. ಮೀನಿನ ಚಿತ್ರದಲ್ಲಿ ಇಂಥ ದೋಷ ಎಲ್ಲಿ ಹುಟ್ಟಿತೆಂದು ಹುಡುಕುವುದು ಕಷ್ಟ. ಸಮಾನ ಅಂತರದ ವಜ್ರಗಳ ಸಾಲಿನಲ್ಲಾದರೆ ಯಾವ ಸಾಲಿನಲ್ಲಿ ತಪ್ಪಿತೆಂದು ಕಣ್ಣಿಗೆ ಕೂಡಲೇ ಬೀಳುತ್ತದೆ.

ಮಾದರಿ ಬೇಕಿದ್ದರೆ ದೂರ ಹೋಗಬೇಕಿಲ್ಲ. ಉತ್ತರ ಕರ್ನಾಟಕದ ಕಸೂತಿಯ ಗವಂತಿ, ಮುರಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ ನೇಗಿ ನಮ್ಮ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಬಟ್ಟೆಯ ಎಳೆ ಎಣಿಸಿ, ಸೂಜಿದಾರವನ್ನು ಕೆಲವು ಎಳೆಗಳ ಮೇಲೆ ತೇಲಿಸಿ ಕೆಲವು ಎಳೆಗಳ ಅಡಿಯಲ್ಲಿ ಹಾಯಿಸುವ ಹೊಲಿಗೆ ಅದು. ರಾಡಿನ ಮೇಲೆ ನಾವು ಮಾಡುವುದೂ ಅದನ್ನೇ. ಮನೆಯ ಹಳೆಯ ಇಳಕಲ್ ಸೀರೆಯ ಮೇಲೆ ನೇಗಿ ಕೆಲಸವಿದ್ದರೆ ಅದರ ಒಂದು ತುಣುಕನ್ನು ಗ್ರಾಫ್ ಹಾಳೆಗೆ ಇಳಿಸಿಕೊಳ್ಳಿ. ಮುಂದೆ ಬೇಕಾಗುತ್ತದೆ.

ಬೇಕಾದ ಸಾಮಾನು

ಅಭ್ಯಾಸಕ್ಕೆ ದುಬಾರಿ ಗ್ರಾಫೈಟ್ ಬ್ಲಾಂಕ್ ಬೇಕಿಲ್ಲ. ಗೈಡ್ ಇಲ್ಲದ ಬರಿಯ ಕೋಲಿಗೆ ಬ್ಲಾಂಕ್ ಎನ್ನುತ್ತಾರೆ. ತುದಿ ಮುರಿದ ಹಳೆಯ ಫೈಬರ್ ಗ್ಲಾಸ್ ರಾಡಿನ ಬುಡದ ಭಾಗ ಸಾಕು. ಅದೂ ಇಲ್ಲದಿದ್ದರೆ ಅರ್ಧ ಇಂಚಿನ ಪಿವಿಸಿ ಪೈಪ್ ತುಂಡು ನಡೆಯುತ್ತದೆ.

ಕೋಲನ್ನು ಅಡ್ಡಲಾಗಿ ಹಿಡಿದು ತಿರುಗಿಸಲು ಒಂದು ಆಸರೆ ಬೇಕು. ಗಟ್ಟಿ ರಟ್ಟಿನ ಪೆಟ್ಟಿಗೆಯ ಎರಡು ಎದುರುಬದುರು ಗೋಡೆಗಳಲ್ಲಿ ಇಂಗ್ಲಿಷಿನ ವಿ ಆಕಾರದ ಕಚ್ಚು ಕತ್ತರಿಸಿ, ಕಚ್ಚಿಗೆ ಒಂದಿಷ್ಟು ಮೆತ್ತನೆಯ ಬಟ್ಟೆ ಅಂಟಿಸಿದರೆ ಆಯಿತು. ಸುತ್ತುವ ದಾರಕ್ಕೆ ಬಿಗುವು ಕೊಡಲು, ಉರುಳೆಯನ್ನು ಒಂದು ಲೋಟದಲ್ಲಿಟ್ಟು ದಾರವನ್ನು ದಪ್ಪ ಪುಸ್ತಕವೊಂದರ ಹಾಳೆಗಳ ನಡುವೆ ಹಾಯಿಸಿ ಕೋಲಿಗೆ ತನ್ನಿ. ಪುಸ್ತಕದ ಮೇಲೆ ಇನ್ನೊಂದು ಪುಸ್ತಕ ಹೇರಿದರೆ ಬಿಗುವು ಹೆಚ್ಚುತ್ತದೆ, ತೆಗೆದರೆ ಇಳಿಯುತ್ತದೆ. ರಾಡ್ ಕಟ್ಟುವವರ ಹಳೆಯ ಉಪಾಯವಿದು. ಯಂತ್ರ ಕೊಂಡ ಮೇಲೂ ಕೆಲವರು ಇದನ್ನು ಬಿಡುವುದಿಲ್ಲ.

ಇನ್ನು ಹೊಸ ರೇಜರ್ ಬ್ಲೇಡು, ಚೂಪು ತುದಿಯ ಸಣ್ಣ ಕತ್ತರಿ, ಚಿಮಟ, ಮಾಸ್ಕಿಂಗ್ ಟೇಪ್, ಎರಡು ಸಣ್ಣ ರಬ್ಬರ್ ಬ್ಯಾಂಡ್, ಭೂತಗನ್ನಡಿ, ಒಳ್ಳೆಯ ಟೇಬಲ್ ಲ್ಯಾಂಪ್. ಸುತ್ತುಗಳನ್ನು ಒತ್ತಿ ಕೂರಿಸಲು ಹಿಡಿ ನುಣುಪಾಗಿರುವ ಹಳೆಯ ಟೂತ್‌ಬ್ರಶ್ ಇದ್ದರೆ ಸಾಕು. ಅದರ ಹಿಂತುದಿಯೇ ನಮ್ಮ ಉಪಕರಣ.

ದಾರದ ಆಯ್ಕೆ

ಇಲ್ಲಿ ಆತುರ ಬೇಡ, ಏಕೆಂದರೆ ಮುಂದಿನ ಎಲ್ಲವೂ ಇದರ ಮೇಲೆ ನಿಂತಿದೆ.

ರಾಡಿಗೆಂದೇ ಬರುವ ನೈಲಾನ್ ದಾರ ಮುಖ್ಯವಾಗಿ ಎ ಮತ್ತು ಡಿ ಎಂಬ ಎರಡು ದಪ್ಪಗಳಲ್ಲಿ ಬಳಕೆಯಲ್ಲಿದೆ. ಎ ಸುಮಾರು 0.15 ಮಿಲಿಮೀಟರ್, ಡಿ ಸುಮಾರು 0.25 ಮಿಲಿಮೀಟರ್. ಕಂಪನಿಯಿಂದ ಕಂಪನಿಗೆ ಇದು ಚೂರು ಬದಲಾಗುತ್ತದೆ. ಹಾಗಾಗಿ ಲೇಬಲ್ ನೋಡಿ ಲೆಕ್ಕ ಹಾಕಬೇಡಿ. ಕೋಲಿನ ಮೇಲೆ 20 ಸುತ್ತು ಒತ್ತಾಗಿ ಸುತ್ತಿ ಸ್ಕೇಲಿನಲ್ಲಿ ಅಳೆಯಿರಿ. 5 ಮಿಲಿಮೀಟರ್ ಬಂದರೆ ಒಂದು ಎಳೆ 0.25. ಮೊದಲ ಕೆಲಸಕ್ಕೆ ಹಾಸು ಹೊಕ್ಕು ಎರಡಕ್ಕೂ ಡಿ ದಾರವನ್ನೇ ಬಳಸಿ. ಎರಡೂ ಒಂದೇ ದಪ್ಪವಿದ್ದರೆ ಗ್ರಾಫ್ ಹಾಳೆಯ ಚೌಕ ಕೋಲಿನ ಮೇಲೂ ಚೌಕವಾಗಿಯೇ ಬರುತ್ತದೆ. ಹಾಸಿಗೆ ಡಿ, ಹೊಕ್ಕಿಗೆ ಎ ಹಾಕಿದರೆ ವಜ್ರ ಚಪ್ಪಟೆಯಾಗಿ ಕೂರುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಎಪಾಕ್ಸಿ, ಅಂದರೆ ಕೊನೆಗೆ ದಾರದ ಮೇಲೆ ಬಳಿಯುವ, ಗಟ್ಟಿಯಾಗುವ ಪಾರದರ್ಶಕ ಲೇಪ, ತಗುಲಿದಾಗ ದಾರ ಏನಾಗುತ್ತದೆ ಎಂಬುದು. ಸಾಮಾನ್ಯ ನೈಲಾನ್ ದಾರ ಎಪಾಕ್ಸಿ ಹೀರಿಕೊಂಡು ಬಣ್ಣ ಗಾಢವಾಗಿ, ಅರೆಪಾರದರ್ಶಕವಾಗುತ್ತದೆ. ಗೈಡ್ ಕಟ್ಟಿದ ಜಾಗದಲ್ಲಿ ಅದೂ ಒಂದು ಸೊಗಸು. ನೇಯ್ಗೆಯಲ್ಲಿ ಮಾತ್ರ ಅದರಿಂದ ದೊಡ್ಡ ತೊಂದರೆ, ಏಕೆಂದರೆ ಹೊಕ್ಕು ಪಾರದರ್ಶಕವಾದ ಕೂಡಲೇ ಅದರ ಅಡಿಯಲ್ಲಿ ಬಚ್ಚಿಟ್ಟ ಹಾಸೆಲ್ಲ ಹೊರಗೆ ಕಾಣುತ್ತದೆ. ಇದಕ್ಕೆ ಎರಡು ಪರಿಹಾರಗಳಿವೆ. ಎನ್‌ಸಿಪಿ (ನೋ ಕಲರ್ ಪ್ರಿಸರ್ವರ್) ಎಂದು ಗುರುತು ಹಾಕಿದ ದಾರ ಕೊಂಡರೆ ಅದು ಎಪಾಕ್ಸಿಯಲ್ಲೂ ಬಣ್ಣ ಬಿಡದೆ ದಟ್ಟವಾಗಿಯೇ ಉಳಿಯುತ್ತದೆ. ಸಾಮಾನ್ಯ ದಾರವೇ ಕೈಯಲ್ಲಿದ್ದರೆ ಎಪಾಕ್ಸಿಗೆ ಮೊದಲು ಕಲರ್ ಪ್ರಿಸರ್ವರ್ ಎಂಬ ತೆಳು ದ್ರವವನ್ನು ಬಳಿದು ದಾರದ ರಂಧ್ರಗಳನ್ನು ಮುಚ್ಚಬೇಕು. ಕಲಿಯುವವರಿಗೆ ನಾನು ಹೇಳುವುದು ಎನ್‌ಸಿಪಿಯನ್ನೇ. ಒಂದು ಹಂತ ಕಡಿಮೆಯಾಗುತ್ತದೆ, ಅದರ ಜೊತೆಗೆ ಬರುವ ತಾಪತ್ರಯಗಳೂ ಕಡಿಮೆಯಾಗುತ್ತವೆ.

ಬಣ್ಣದ ವಿಷಯದಲ್ಲಿ, ಹೊಕ್ಕು ಗಾಢವಾಗಿರಲಿ, ಹಾಸು ತಿಳಿಯಾಗಿರಲಿ. ಕಡುನೀಲಿಯ ಅಡಿಯಲ್ಲಿ ಹಳದಿ ಎಳೆ ಚೆನ್ನಾಗಿ ಅಡಗುತ್ತದೆ. ಬಿಳಿಯ ಅಡಿಯಲ್ಲಿ ಕಪ್ಪು ಎಳೆ, ಎಷ್ಟೇ ಒಳ್ಳೆಯ ದಾರವಾದರೂ, ಬೂದು ಗೆರೆಯಾಗಿ ತೋರುತ್ತದೆ.

ಅಭ್ಯಾಸದ ಪೈಪಿಗೆ ಯಂತ್ರಕಸೂತಿಯ ಪಾಲಿಯೆಸ್ಟರ್ ದಾರ ಸಾಕು. ಹತ್ತಿ ದಾರ ಬೇಡ. ಅದರ ನಾರು ಎದ್ದು ನಿಂತು ಎಪಾಕ್ಸಿಯಲ್ಲಿ ಮುಳ್ಳಿನಂತೆ ಕಾಣುತ್ತದೆ.

ನಕ್ಷೆ: ಒಂಬತ್ತು ಕಂಬ, ನಾಲ್ಕು ವಜ್ರ

ಗ್ರಾಫ್ ಹಾಳೆಯಲ್ಲಿ ಒಂಬತ್ತು ಕಂಬಗಳಿರಲಿ, ಎಡದಿಂದ ಬಲಕ್ಕೆ 1ರಿಂದ 9. ಪ್ರತಿ ಕಂಬಕ್ಕೂ ಒಂದು ಜೋಡಿ ಹಾಸಿನೆಳೆ, ಪ್ರತಿ ಸಾಲಿಗೂ ಹೊಕ್ಕಿನ ಎರಡು ಸುತ್ತು. ಒಂದೇ ಎಳೆ, ಒಂದೇ ಸುತ್ತು ಹಿಡಿದರೆ ವಜ್ರ ಎರಡೂಕಾಲು ಮಿಲಿಮೀಟರಿಗೆ ಕುಗ್ಗುತ್ತದೆ, ಬರಿಗಣ್ಣಿಗೆ ಚುಕ್ಕೆಯಂತೆ ಕಾಣುತ್ತದೆ. ಜೋಡಿಯಲ್ಲಿ ಮಾಡಿದರೆ ನಾಲ್ಕೂವರೆ ಮಿಲಿಮೀಟರ್ ಅಗಲ, ಅಷ್ಟೇ ಉದ್ದ.

ಒಂದು ವಜ್ರದ ಲೆಕ್ಕ ಹೀಗೆ. ಪ್ರತಿ ಸಾಲಿನಲ್ಲಿ ಮೇಲೆ ಕಾಣಬೇಕಾದ ಜೋಡಿಗಳನ್ನಷ್ಟೇ ಕೊಟ್ಟಿದ್ದೇನೆ:

ಸಾಲು 1: 5
ಸಾಲು 2: 4, 6
ಸಾಲು 3: 3, 7
ಸಾಲು 4: 2, 8
ಸಾಲು 5: 1, 5, 9
ಸಾಲು 6: 2, 8
ಸಾಲು 7: 3, 7
ಸಾಲು 8: 4, 6
ಸಾಲು 9: 5

ಒಂಬತ್ತನೆಯ ಸಾಲೇ ಮುಂದಿನ ವಜ್ರದ ಮೊದಲ ಸಾಲು. ಹಾಗೆ ನಾಲ್ಕು ವಜ್ರ ಕೋದರೆ ಒಟ್ಟು 33 ಸಾಲು, 66 ಸುತ್ತು. ಉದ್ದ ಸುಮಾರು ಹದಿನಾರೂವರೆ ಮಿಲಿಮೀಟರ್. ಈ ನಕ್ಷೆಯಲ್ಲಿ ಯಾವ ಜೋಡಿಯೂ ಒಂದು ಸಾಲಿಗಿಂತ ಹೆಚ್ಚು ಹೊತ್ತು ಮೇಲೆ ತೇಲುವುದಿಲ್ಲ. ಮೊದಲ ಪಾಠಕ್ಕೆ ಇದನ್ನು ಆರಿಸಿದ್ದು ಅದಕ್ಕೇ.

ಕೋಲನ್ನು ಸಿದ್ಧಮಾಡುವುದು

ಕೋಲನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಆಮೇಲೆ ನೇಯ್ಗೆಯ ಜಾಗವನ್ನು ಬೆರಳಿನಿಂದ ಮುಟ್ಟಬೇಡಿ, ಬೆವರಿನ ಎಣ್ಣೆ ಎಪಾಕ್ಸಿಗೆ ಆಗದು.

ನೇಯ್ಗೆ ಯಾವತ್ತೂ ಹಿಡಿಯ ಮುಂದೆ, ಕೋಲು ಅತಿ ಕಡಿಮೆ ಬಾಗುವ ಬುಡದಲ್ಲೇ ಇರಲಿ. ತುದಿಯ ಕಡೆ ಹಾಕಿದರೆ ದಾರ ಮತ್ತು ಎಪಾಕ್ಸಿಯ ತೂಕದಿಂದ ರಾಡಿನ ಚುರುಕು ಸಾಯುತ್ತದೆ. ರಾಡ್ ಹಿಡಿದು ನಿಂತಾಗ ಕಣ್ಣಿಗೆ ಕಾಣುವ ಮೇಲ್ಮೈಯೇ ನೇಯ್ಗೆಯ ಮುಖ. ಸ್ಪಿನ್ನಿಂಗ್ ರಾಡಿನಲ್ಲಿ ಗೈಡುಗಳು ಕೆಳಗೆ ತೂಗುವುದರಿಂದ ಅದು ಗೈಡುಗಳ ಎದುರು ಬದಿ. ಗೈಡುಗಳು ಮೇಲಕ್ಕಿರುವ ಬೇಟ್‌ಕಾಸ್ಟಿಂಗ್ ರಾಡಿನಲ್ಲಿ ಗೈಡುಗಳ ಬದಿಯೇ. ಆ ಮುಖದ ನಟ್ಟನಡುವೆ ಬಿಳಿ ಪೆನ್ಸಿಲಿನಿಂದ ಕೋಲಿನ ಉದ್ದಕ್ಕೆ ಒಂದು ನೇರ ಗೆರೆ ಎಳೆಯಿರಿ, ನೇಯ್ಗೆಯ ಜಾಗದಿಂದ ಆಚೆಗೂ ಒಂದು ಗೇಣು ಚಾಚಿರಲಿ. ಐದನೆಯ ಕಂಬ ಕೊನೆಯವರೆಗೂ ಈ ಗೆರೆಯ ಮೇಲೇ ಇರಬೇಕು.

ಹಾಸು ಹೂಡುವುದು

ಹಳದಿ ದಾರದಲ್ಲಿ 60 ಸೆಂಟಿಮೀಟರಿನ ಒಂಬತ್ತು ತುಂಡು ಕತ್ತರಿಸಿ, ಪ್ರತಿಯೊಂದನ್ನೂ ನಡುವೆ ಮಡಚಿ. ಒಂದೊಂದು ತುಂಡೂ ಒಂದೊಂದು ಜೋಡಿಯಾಯಿತು. ಹೀಗೆ ಮಡಚುವುದರಿಂದ ಆರಂಭದ ಅಂಚಿನಲ್ಲಿ ಕತ್ತರಿಸಿದ ತುದಿಗಳೇ ಇರುವುದಿಲ್ಲ, ನಾರು ಏಳುವ ಮಾತೂ ಇಲ್ಲ. ಬಿಡಿ ತುದಿಗಳ ಕಡೆ ಟೇಪಿನ ಸಣ್ಣ ಚೀಟಿ ಅಂಟಿಸಿ 1ರಿಂದ 9ರವರೆಗೆ ಸಂಖ್ಯೆ ಬರೆಯಿರಿ.

ಹಿಡಿ ನಿಮ್ಮ ಎಡಗಡೆ, ತುದಿ ಬಲಗಡೆ ಬರುವಂತೆ ಕೋಲನ್ನು ಆಸರೆಯಲ್ಲಿಡಿ. ಕಡುನೀಲಿ ಹೊಕ್ಕಿನ ದಾರವನ್ನು ಅದರ ತುದಿಯ ಮೇಲೇ ಎಂಟು ಸುತ್ತು ಸುತ್ತಿ ಬಿಗಿಮಾಡಿ, ಉಳಿದ ತುದಿಯನ್ನು ಬ್ಲೇಡಿನಿಂದ ತೆಗೆಯಿರಿ. ಈಗ ಒಂಬತ್ತು ಜೋಡಿಗಳನ್ನೂ ಗೆರೆಯ ಎರಡೂ ಬದಿಗೆ ಸಮನಾಗಿ, ಒಂದಕ್ಕೊಂದು ತಾಗಿ, ಒಂದರ ಮೇಲೊಂದು ಹತ್ತದಂತೆ ಕೋಲಿನ ಉದ್ದಕ್ಕೆ ಮಲಗಿಸಿ. ಮಡಿಕೆಯ ತಲೆ ಎಂಟನೆಯ ಸುತ್ತಿನ ಪಕ್ಕಕ್ಕೆ ಬರಲಿ, ಬಿಡಿ ತುದಿಗಳು ಬಲಕ್ಕೆ ಚಾಚಿರಲಿ. ಹದಿನೆಂಟು ಎಳೆಗಳೂ ಚಾಪೆಯಂತೆ ಚಪ್ಪಟೆ ಕೂರುವವರೆಗೆ ಟೇಪು ಹಾಕಿ ತೆಗೆದು ಸರಿಮಾಡುತ್ತಿರಿ. ಇಡೀ ಕೆಲಸದಲ್ಲಿ ತಾಳ್ಮೆ ಅತಿ ಹೆಚ್ಚು ಬೇಕಾದದ್ದು ಇಲ್ಲಿ, ಇಲ್ಲಿ ಕಳೆದ ಅರ್ಧ ಗಂಟೆ ಮುಂದೆ ಎರಡರಷ್ಟಾಗಿ ಮರಳುತ್ತದೆ.

ಅವುಗಳ ಮೇಲೆ 20 ಸುತ್ತು ಹೊಕ್ಕು ಸುತ್ತಿ. ಬಳಿಕ ಪ್ರತಿ ಜೋಡಿಯನ್ನೂ ಬಲಕ್ಕೆ ಮೆಲ್ಲಗೆ ಎಳೆಯಿರಿ. ಮಡಿಕೆಯ ತಲೆ ಸುತ್ತಿನ ಅಡಿಗೆ ಸರಿದು ಮರೆಯಾದ ತಕ್ಷಣ ನಿಲ್ಲಿಸಿ. ಹೆಚ್ಚು ಎಳೆದರೆ ಪೂರ್ತಿ ಕಿತ್ತು ಬರುತ್ತದೆ. ಕೊನೆಗೆ ಬಲಗಡೆ ಒಂದು ಗೇಣು ದೂರದಲ್ಲಿ ರಬ್ಬರ್ ಬ್ಯಾಂಡ್ ಹಾಕಿ ಎಲ್ಲ ತುದಿಗಳನ್ನೂ ಅದರ ಅಡಿಗೆ ಸಿಗಿಸಿ. ಎಡಗಡೆ, ಹಿಡಿಯ ಅಂಚಿನಲ್ಲಿ, ಇನ್ನೊಂದು ರಬ್ಬರ್ ಬ್ಯಾಂಡ್ ಕಾಯುತ್ತಿರಲಿ.

ನೇಯುವುದು

ಈಗ ನಕ್ಷೆಯ ಮೊದಲ ಸಾಲು. ಐದನೆಯ ಜೋಡಿಯನ್ನು ಬಲಗಡೆಯ ರಬ್ಬರಿನಿಂದ ಬಿಡಿಸಿ, ಸುತ್ತಿದ ಭಾಗದ ಮೇಲೆ ಎಡಕ್ಕೆ ಮಡಚಿ ಎಡಗಡೆಯ ರಬ್ಬರಿನ ಅಡಿಗೆ ಸಿಗಿಸಿ. ಉಳಿದ ಎಂಟು ಜೋಡಿ ಬಲಕ್ಕೇ ಇರಲಿ. ಕೋಲನ್ನು ಎರಡು ಸುತ್ತು ತಿರುಗಿಸಿ. ಹೊಕ್ಕು ಆ ಎಂಟರ ಮೇಲೆ ಹಾಯುತ್ತದೆ, ಐದನೆಯದರ ಕಡೆ ಬರಿಯ ಕೋಲಿನ ಮೇಲೆ ಹಾಯುತ್ತದೆ. ಈಗ ಐದನೆಯ ಜೋಡಿಯನ್ನು ಎಡದಿಂದ ಬಿಡಿಸಿ, ಆ ಎರಡು ಸುತ್ತುಗಳ ಮೇಲಿಂದ ಬಲಕ್ಕೆ ಚಾಚಿ, ಬಿಗಿಯಾಗಿ ಎಳೆದು ಬಲಗಡೆಯ ರಬ್ಬರಿಗೆ ಸಿಗಿಸಿ. ಕಡುನೀಲಿಯ ಮೇಲೆ ಅರ್ಧ ಮಿಲಿಮೀಟರಿನ ಒಂದು ಹಳದಿ ಚೌಕ ಕಾಣುತ್ತದೆ.

ಎರಡನೆಯ ಸಾಲು: 4 ಮತ್ತು 6ನ್ನು ಎಡಕ್ಕೆ ಮಡಚಿ, ಎರಡು ಸುತ್ತು, ಮತ್ತೆ ಬಲಕ್ಕೆ. ಈ ಎರಡು ಸುತ್ತು ಐದನೆಯ ಜೋಡಿಯ ಮೇಲೆ ಹಾಯ್ದು ಹಿಂದಿನ ಚೌಕವನ್ನು ಬಿಗಿದುಬಿಡುತ್ತವೆ. ಪ್ರತಿ ಸಾಲೂ ತನ್ನ ಹಿಂದಿನ ಸಾಲಿಗೆ ಬೀಗ ಹಾಕುತ್ತ ಹೋಗುವುದೇ ಈ ನೇಯ್ಗೆಯ ಕ್ರಮ. ಮಡಚು, ಎರಡು ಸುತ್ತು, ಚಾಚು, ಎಳೆ. ಮುಗಿದ ಸಾಲನ್ನು ನಕ್ಷೆಯಲ್ಲಿ ಆಗಿಂದಾಗ್ಗೆ ಹೊಡೆದುಹಾಕಿ. ಎದ್ದುಹೋಗಬೇಕಾದರೆ ಸಾಲು ಮುಗಿಸಿಯೇ ಏಳಿ, ಹೊಕ್ಕಿನ ದಾರವನ್ನು ಕೋಲಿಗೆ ಟೇಪಿನಿಂದ ಭದ್ರಮಾಡಿ.

ಈ ಎಳೆಯುವ ಹಂತವನ್ನು ಹತ್ತಿರದಿಂದ ನೋಡೋಣ, ಕೈಚಳಕವೆಲ್ಲ ಇರುವುದು ಇಲ್ಲಿಯೇ. ಜೋಡಿಯನ್ನು ಬಲಕ್ಕೆ ಚಾಚಿದಾಗ ಅದರ ಎರಡು ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಚಿಮಟದ ತುದಿಯನ್ನು ಎರಡರ ನಡುವೆ ಇಳಿಸಿ ಬಲಕ್ಕೆ ಒಮ್ಮೆ ಬಾಚಿ. ಎರಡೂ ಪಕ್ಕಪಕ್ಕ ಸಮನಾಗಿ ಮಲಗಿದ ಮೇಲೆಯೇ ಎಳೆಯಿರಿ. ಎಳೆಯುವ ದಿಕ್ಕು ಕೋಲಿಗೆ ಸಮಾನಾಂತರವಾಗಿರಲಿ, ಮೇಲಕ್ಕೆತ್ತಿ ಎಳೆದರೆ ಹಿಂದಿನ ಎರಡು ಸುತ್ತುಗಳ ನಡುವೆ ಬಿರುಕು ಬೀಳುತ್ತದೆ. ಎಳೆ ಹೊಕ್ಕನ್ನು ತಾಗಿ ಮಲಗುವಷ್ಟು ಬಿಗಿ ಸಾಕು, ಹೊಕ್ಕನ್ನು ಕತ್ತರಿಸುವಷ್ಟು ಬೇಡ.

ಹೊಕ್ಕಿನ ಬಿಗುವಿಗೂ ಹದವಿದೆ. ಸುತ್ತಿದ ದಾರವನ್ನು ಉಗುರಿನಿಂದ ತಳ್ಳಿದರೆ ಚೂರು ಸರಿಯಬೇಕು, ಬಿಟ್ಟರೆ ಅಲ್ಲೇ ನಿಲ್ಲಬೇಕು. ಅತಿ ಬಿಗಿ ಸುತ್ತಿದರೆ ಸಾಲುಗಳನ್ನು ಒತ್ತಿ ಕೂರಿಸಲು ಬರುವುದಿಲ್ಲ. ತೆಳು ಗೋಡೆಯ ಗ್ರಾಫೈಟ್ ಬ್ಲಾಂಕಿಗೆ ಆ ಬಿಗಿ ಒಳ್ಳೆಯದೂ ಅಲ್ಲ.

ನಾಲ್ಕೈದು ಸಾಲಿಗೊಮ್ಮೆ ಎರಡು ಕೆಲಸ ಮಾಡಿ. ಮೊದಲನೆಯದು, ಟೂತ್‌ಬ್ರಶ್ಶಿನ ಹಿಂತುದಿಯಿಂದ ಹೊಕ್ಕನ್ನು ಎಡಕ್ಕೆ ಒತ್ತುತ್ತ ಸಂದುಗಳನ್ನು ಮುಚ್ಚುವುದು. ಎರಡನೆಯದು, ಐದನೆಯ ಕಂಬ ಗೆರೆಯ ಮೇಲಿದೆಯೇ ಎಂದು ನೋಡುವುದು. ಹೊಕ್ಕು ಹಾಯುವಾಗ ಹಾಸಿನೆಳೆಗಳನ್ನು ತಾನು ಹೋಗುವ ದಿಕ್ಕಿಗೆ ಚೂರುಚೂರೇ ತಳ್ಳುತ್ತದೆ. ಒಂದು ಸಾಲಿನಲ್ಲಿ ಅದು ಕಾಣದು. ಹದಿನೈದು ಸಾಲು ಕಳೆಯುವಷ್ಟರಲ್ಲಿ ವಜ್ರಗಳ ಸಾಲು ಬಳ್ಳಿಯಂತೆ ಕೋಲನ್ನು ಬಳಸಿ ತಿರುಗಿರುತ್ತದೆ. ಬಲಗಡೆಯ ಎಳೆಗಳನ್ನು ಗುಂಪಾಗಿ ಹಿಡಿದು ಎದುರು ದಿಕ್ಕಿಗೆ ಎಳೆದು, ಹೊಸ ಸಾಲುಗಳನ್ನು ಒತ್ತಿದರೆ ನೇರವಾಗುತ್ತದೆ. ಐದಾರು ಸಾಲಿನೊಳಗೆ ಗಮನಿಸಿದರೆ ಮಾತ್ರ ಇದು ಸಾಧ್ಯ. ಅದಕ್ಕಿಂತ ಹಳೆಯ ಓರೆಯನ್ನು ಬಿಚ್ಚಿಯೇ ಸರಿಪಡಿಸಬೇಕು.

ಬಿಚ್ಚಲು ಹಿಂಜರಿಯಬೇಡಿ. ಕೋಲನ್ನು ಹಿಂದಕ್ಕೆ ತಿರುಗಿಸುತ್ತ ಬಂದರೆ ಸಾಲುಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ, ದಾರವೇನೂ ಹಾಳಾಗುವುದಿಲ್ಲ. ಎಪಾಕ್ಸಿ ಬೀಳುವವರೆಗೆ ಎಲ್ಲವನ್ನೂ ತಿದ್ದಬಹುದು.

ಕೈ ಕೂಡುವವರೆಗೆ ಒಂದು ಸಾಲಿಗೆ ಎರಡು ಮೂರು ನಿಮಿಷ ಹಿಡಿಯುತ್ತದೆ. 33 ಸಾಲಿಗೆ ಒಂದು ಗಂಟೆಯ ಮೇಲಾಗುತ್ತದೆ. ಕಣ್ಣು ದಣಿದರೆ ನಿಲ್ಲಿಸಿ, ಹೆಚ್ಚಿನ ತಪ್ಪುಗಳು ನುಸುಳುವುದು ದಣಿದ ಕಣ್ಣಿನ ಹೊತ್ತಿನಲ್ಲೇ.

ಮುಗಿಸುವುದು

ಕೊನೆಯ ವಜ್ರದ ನಂತರ ಎಲ್ಲ ಜೋಡಿಗಳ ಮೇಲೂ 12 ಸುತ್ತು ಹಾಕಿ. ಈಗ ಹಾಸಿನ ತುದಿಗಳನ್ನು ಕತ್ತರಿಸಬೇಕು. ಹದಿನೆಂಟನ್ನೂ ಒಂದೇ ಗೆರೆಯಲ್ಲಿ ಕತ್ತರಿಸಿದರೆ ಮೇಲೆ ಸುತ್ತುವ ದಾರ ಅಲ್ಲಿ ಮೆಟ್ಟಿಲಿನಂತೆ ಕುಸಿಯುತ್ತದೆ. ಒಂದು ಎಳೆ ಗಿಡ್ಡ, ಪಕ್ಕದ್ದು ತುಸು ಉದ್ದ, ಹೀಗೆ ಒಂದರಿಂದ ಮೂರು ಮಿಲಿಮೀಟರಿನೊಳಗೆ ಏರುಪೇರಾಗಿ ಕತ್ತರಿಸಿ. ಆಗ ದಪ್ಪ ನಿಧಾನವಾಗಿ ಇಳಿಯುತ್ತದೆ. ಮುಂದೆ ಇನ್ನೂ 20 ಸುತ್ತು ಹಾಕಿ ತುದಿಗಳನ್ನೆಲ್ಲ ಮುಚ್ಚಿ.

ಕೊನೆಯ ಹತ್ತು ಸುತ್ತಿಗೆ ಮೊದಲು ಬೇರೊಂದು ಗಟ್ಟಿ ದಾರದ ಕುಣಿಕೆಯನ್ನು ಕೋಲಿನ ಮೇಲೆ, ಕುಣಿಕೆಯ ತಲೆ ಬಲಕ್ಕೆ ಬರುವಂತೆ ಇಟ್ಟು ಅದರ ಮೇಲೆ ಸುತ್ತಿ. ಹೊಕ್ಕನ್ನು ಬೆರಳಲ್ಲಿ ಒತ್ತಿ ಹಿಡಿದು ಕತ್ತರಿಸಿ, ತುದಿಯನ್ನು ಕುಣಿಕೆಯೊಳಗೆ ತೂರಿಸಿ, ಕುಣಿಕೆಯ ಬಾಲವನ್ನು ಎಡಕ್ಕೆ ಎಳೆಯಿರಿ. ಹೊಕ್ಕಿನ ತುದಿ ಹತ್ತು ಸುತ್ತಿನ ಅಡಿಗೆ ಹೋಗಿ ಹೊರಬರುತ್ತದೆ. ಬ್ಲೇಡಿನಿಂದ ಬುಡಕ್ಕೆ ಕತ್ತರಿಸಿ ಮೇಲಿನಿಂದ ಒತ್ತಿದರೆ ಗುರುತೂ ಉಳಿಯುವುದಿಲ್ಲ.

ಎದ್ದ ನಾರುಗಳಿದ್ದರೆ ಸ್ಪಿರಿಟ್ ದೀಪದ ಜ್ವಾಲೆಯ ಪಕ್ಕದಲ್ಲಿ ಕೋಲನ್ನು ತಿರುಗಿಸುತ್ತ ಒಮ್ಮೆ ಬೇಗ ಹಾಯಿಸಿ. ನೈಲಾನ್ ಕರಗುವ ವಸ್ತು, ಜ್ವಾಲೆಯಲ್ಲಿ ಕ್ಷಣಹೊತ್ತೂ ನಿಲ್ಲಿಸಬೇಡಿ. ಆಲ್ಕೊಹಾಲ್ ಬಾಟಲಿಯನ್ನು ಮೊದಲೇ ಬೇರೆ ಕೋಣೆಗೆ ಸಾಗಿಸಿರಿ.

ಎಪಾಕ್ಸಿ ಲೇಪ

ಸಾಮಾನ್ಯ ದಾರ ಬಳಸಿದ್ದರೆ ಕಲರ್ ಪ್ರಿಸರ್ವರನ್ನು ಎರಡು ಮೂರು ಸಲ ಬಳಿದು, ಕಡೆಯ ಲೇಪದ ನಂತರ ಪೂರ್ತಿ ಒಂದು ದಿನ ಒಣಗಿಸಿ. ಮಳೆಗಾಲದ ಕರಾವಳಿಯಲ್ಲೋ ಮಲೆನಾಡಿನಲ್ಲೋ ಇದ್ದರೆ ಎರಡು ದಿನ. ಅರೆಬರೆ ಒಣಗಿದ ಪ್ರಿಸರ್ವರ್ ಮೇಲೆ ಎಪಾಕ್ಸಿ ಬಿದ್ದರೆ ಅಲ್ಲಲ್ಲಿ ಬೆಳ್ಳಿಯ ಮಚ್ಚೆ ಕಾಣುತ್ತದೆ, ಅದು ಮತ್ತೆ ಹೋಗುವುದಿಲ್ಲ.

ರಾಡ್ ಫಿನಿಶ್ ಎಂದು ಬರುವ ಎರಡು ಭಾಗದ ಎಪಾಕ್ಸಿಯನ್ನೇ ಬಳಸಿ. ಹೆಚ್ಚಿನವು ಸಮಪಾಲಿನವು. ಎರಡು ಬೇರೆ ಬೇರೆ ಸಿರಿಂಜಿನಲ್ಲಿ ಮೂರು ಮೂರು ಮಿಲಿಲೀಟರ್ ಅಳೆಯಿರಿ. ಕೆಲಸಕ್ಕೆ ಇಷ್ಟೆಲ್ಲ ಬೇಡ ಅನ್ನಿಸಿದರೂ ಕಡಿಮೆ ಮಾಡಬೇಡಿ, ಪ್ರಮಾಣ ಸಣ್ಣದಾದಷ್ಟೂ ಅಳತೆಯ ತಪ್ಪು ದೊಡ್ಡದಾಗುತ್ತದೆ, ತಪ್ಪಿದರೆ ಲೇಪ ಅಂಟಂಟಾಗಿಯೇ ಉಳಿಯುತ್ತದೆ. ಕೆಲವು ಸಿರಿಂಜುಗಳ ಒಳಗೆ ಸಿಲಿಕೋನ್ ಸವರಿರುತ್ತಾರೆ. ಅದು ಬೆರೆತರೆ ಲೇಪದಲ್ಲಿ ಕುಳಿಗಳು ಬೀಳುತ್ತವೆ, ಹಾಗಾಗಿ ಸಿಲಿಕೋನ್ ಇಲ್ಲದ್ದನ್ನೇ ಕೇಳಿ ತನ್ನಿ. ನೈಟ್ರೈಲ್ ಕೈಗವಸು ಹಾಕಿ, ಕಿಟಕಿ ತೆರೆದಿಡಿ.

ಮೂರು ನಾಲ್ಕು ನಿಮಿಷ ನಿಧಾನವಾಗಿ, ಗುಳ್ಳೆ ಎಬ್ಬಿಸದೆ ಕಲಸಿ. ಕಲಸಿದ್ದನ್ನು ಅಲ್ಯೂಮಿನಿಯಂ ಫಾಯಿಲ್ ಮೇಲೆ ತೆಳುವಾಗಿ ಹರಡಿ. ಗುಳ್ಳೆಗಳು ತಾವಾಗಿ ಒಡೆಯುತ್ತವೆ, ಬಟ್ಟಲಿನಲ್ಲಿ ಬಿಟ್ಟದ್ದಕ್ಕಿಂತ ಹೆಚ್ಚು ಹೊತ್ತು ಕೆಲಸಕ್ಕೂ ಬರುತ್ತದೆ. ನಮ್ಮ ಬೇಸಿಗೆಯಲ್ಲಿ ಎಪಾಕ್ಸಿ ಬೇಗ ಗಟ್ಟಿಯಾಗುವುದರಿಂದ ಬೆಳಗಿನ ತಂಪು ಹೊತ್ತೇ ಸರಿ.

ಮೊದಲ ಲೇಪ ತೆಳುವಾಗಿರಲಿ. ಅದರ ಕೆಲಸ ಎಳೆಗಳ ನಡುವಿನ ಗಾಳಿಯನ್ನು ಹೊರಹಾಕಿ ಒಳಗಿಳಿಯುವುದು. ನೇಯ್ಗೆಯಲ್ಲಿ ಎರಡು ಪದರ ಇರುವುದರಿಂದ ಗಾಳಿ ಹೆಚ್ಚು ಸಿಕ್ಕಿಕೊಂಡಿರುತ್ತದೆ. ಚಪ್ಪಟೆ ಬ್ರಶ್ಶಿನಿಂದ ಬಳಿದು ಹತ್ತು ನಿಮಿಷ ತಿರುಗಿಸುತ್ತಿರಿ, ಗುಳ್ಳೆಗಳೆದ್ದರೆ ಸ್ಪಿರಿಟ್ ದೀಪವನ್ನು ಅಡಿಯಿಂದ ಒಮ್ಮೆ ಹಾಯಿಸಿ, ಕೆಳಗೆ ಜೋತ ಹೆಚ್ಚಿನ ಎಪಾಕ್ಸಿಯನ್ನು ಬ್ರಶ್ಶಿನಿಂದಲೇ ತೆಗೆಯಿರಿ.

ಬಳಿಕ ಗಟ್ಟಿಯಾಗುವವರೆಗೆ, ಆರೇಳು ಗಂಟೆ, ಕೋಲು ನಿಧಾನವಾಗಿ ತಿರುಗುತ್ತಲೇ ಇರಬೇಕು, ಇಲ್ಲವಾದರೆ ಲೇಪ ಒಂದು ಬದಿಗೆ ಇಳಿಯುತ್ತದೆ. ಮೈಕ್ರೊವೇವ್ ಓವನ್ನಿನ ತಟ್ಟೆ ತಿರುಗಿಸುವ ಸಣ್ಣ ಮೋಟಾರು ಇದಕ್ಕೆ ಚೆನ್ನಾಗಿ ಒದಗುತ್ತದೆ, ನಿಮಿಷಕ್ಕೆ ಐದಾರು ಸುತ್ತು ತಿರುಗುವಂಥದ್ದನ್ನು ಬಿಡಿಭಾಗದ ಅಂಗಡಿಯಲ್ಲಿ ಕೇಳಿ. 230 ವೋಲ್ಟಿನ ತಂತಿಯ ಕೆಲಸ ಬಾರದಿದ್ದರೆ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಧೂಳು ಕೂರದಂತೆ ಮೇಲೆ ರಟ್ಟಿನ ಮುಚ್ಚಿಗೆ ಇರಲಿ.

24 ಗಂಟೆಯ ನಂತರ ಎರಡನೆಯ ಲೇಪ. ಹಾಸು ಅಡಗಿರುವ ಭಾಗ ಪಕ್ಕದ ಬರಿಯ ಸುತ್ತಿಗಿಂತ ಉಬ್ಬಿರುತ್ತದೆ, ಅದನ್ನು ಸಮಮಾಡುವುದು ಈ ಲೇಪ. ಆಗಲೂ ಏರಿಳಿತ ಕಂಡರೆ ಮೂರನೆಯದು. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಮೇಲ್ಮೈ ಮಬ್ಬುಗಟ್ಟುತ್ತದೆ. ಮಂಗಳೂರು, ಕಾರವಾರದ ಕಡೆಯವರು ಜೂನ್, ಜುಲೈನಲ್ಲಿ ನೇಯ್ಗೆ ಮುಗಿಸಿಟ್ಟು ಲೇಪವನ್ನು ಮಳೆ ಕಳೆದ ಮೇಲೆ ಮಾಡುವುದು ಲೇಸು. ರಾಡನ್ನು ನೀರಿಗೆ ಒಯ್ಯುವ ಮೊದಲು ಒಂದು ವಾರ ಬಿಡಿ.

ಮುಂದಿನ ನಕ್ಷೆಗಳು

ನಾಲ್ಕು ವಜ್ರ ನೇರವಾಗಿ ಬಂದವೆಂದರೆ ಕಂಬಗಳನ್ನು ಹೆಚ್ಚಿಸಿ. ಈ ಹಂತದಲ್ಲಿ ಎ ದಾರಕ್ಕೆ ಇಳಿಯಬಹುದು, ಚೌಕಗಳು ಸಣ್ಣದಾದಷ್ಟೂ ಚಿತ್ರ ನವಿರಾಗುತ್ತದೆ. 13 ಮಿಲಿಮೀಟರ್ ದಪ್ಪದ ಕೋಲಿನ ಸುತ್ತಳತೆ ಸುಮಾರು 41 ಮಿಲಿಮೀಟರ್. ಮೇಲಿನಿಂದ ನೋಡಿದಾಗ ಅದರ ಅರ್ಧವೇ ಕಾಣುತ್ತದೆ, ಅಂಚುಗಳು ಬಾಗಿ ಮರೆಯಾಗುತ್ತವೆ. ಚಿತ್ರವನ್ನು 14, 15 ಮಿಲಿಮೀಟರ್ ಅಗಲದೊಳಗೆ ಇಟ್ಟರೆ ಒಂದೇ ನೋಟಕ್ಕೆ ಪೂರ್ತಿ ಸಿಗುತ್ತದೆ.

ತುಂಬಿದ ಬಣ್ಣದ ಜಾಗ ಬಂದಾಗ ಒಂದೇ ಎಳೆ ಎಷ್ಟೋ ಸುತ್ತು ಮೇಲೆ ತೇಲಬೇಕಾಗುತ್ತದೆ. ಎಂಟು ಸುತ್ತಿಗಿಂತ ಉದ್ದಕ್ಕೆ ತೇಲಬಿಡಬೇಡಿ, ಎಳೆ ಸಡಿಲಗೊಂಡು ಪಕ್ಕದ್ದರ ಮೇಲೆ ಹತ್ತುತ್ತದೆ. ನಡುವೆ ಒಂದೇ ಒಂದು ಸುತ್ತು ಅದರ ಮೇಲೆ ಹಾಯಿಸಿ. ಪಕ್ಕದ ಎಳೆಗೆ ಅದೇ ಸುತ್ತಿನಲ್ಲಿ ಕಟ್ಟಬೇಡಿ, ಮುಂದಿನ ಸುತ್ತಿನಲ್ಲಿ ಕಟ್ಟಿ. ಗಾರೆಯವನು ಇಟ್ಟಿಗೆಯ ಸಂದು ತಪ್ಪಿಸುವ ಹಾಗೆ ಈ ಕಟ್ಟುಗಳು ಸಾಲಿನಿಂದ ಸಾಲಿಗೆ ತಪ್ಪುತ್ತ ಹೋದರೆ ಕಣ್ಣಿಗೆ ಗೆರೆ ಬೀಳುವುದಿಲ್ಲ. ಎರಡು ಬಣ್ಣದ ಚಿತ್ರಕ್ಕೆ ಜೋಡಿಯ ಎರಡು ಎಳೆಗಳನ್ನು ಬೇರೆ ಬೇರೆ ಬಣ್ಣದಲ್ಲಿ ಹೂಡಿ, ಆಯಾ ಚೌಕಕ್ಕೆ ಬೇಕಾದದ್ದನ್ನು ಮಾತ್ರ ಮೇಲಕ್ಕೆ ತನ್ನಿ.

ಹೆಸರು ನೇಯುವ ಆಸೆ ಎಲ್ಲರಿಗೂ ಇರುತ್ತದೆ. ರಾಡಿನ ಮೇಲೆ ಅಕ್ಷರಗಳು ಹಿಡಿಯಿಂದ ತುದಿಯ ಕಡೆಗೆ ಓದಿಸಿಕೊಂಡು ಹೋಗುತ್ತವೆ, ಅಂದರೆ ಅಕ್ಷರದ ಎತ್ತರವೆಲ್ಲ ಕಂಬಗಳ ಲೆಕ್ಕ. ಇಂಗ್ಲಿಷಿನ ದೊಡ್ಡಕ್ಷರ ಏಳು ಕಂಬದಲ್ಲಿ ಮುಗಿಯುತ್ತದೆ. ಕನ್ನಡಕ್ಕೆ ಮೇಲೆ ತಲೆಕಟ್ಟು, ಗುಡಿಸು, ಕೆಳಗೆ ಒತ್ತಕ್ಷರ, ಎಲ್ಲಕ್ಕೂ ಜಾಗ ಬೇಕು. 25 ಕಂಬಕ್ಕಿಂತ ಕಡಿಮೆಯಲ್ಲಿ ಅಕ್ಷರದ ದುಂಡು ಉಳಿಯುವುದಿಲ್ಲ. ಒತ್ತಿಲ್ಲದ ಹೆಸರಿನಿಂದ ಶುರುಮಾಡಿ.

ಮೀನೇ ಬೇಕೆನ್ನುವವರಿಗೆ ಕಾವೇರಿಯ ಬಿಳಿಮೀನು, ಅಂದರೆ ಮಹಶೀರ್, ಒಳ್ಳೆಯ ವಸ್ತು. ಬೆನ್ನಿನಲ್ಲಿ ಗೂನು, ಕಿತ್ತಳೆ ಬಣ್ಣದ ರೆಕ್ಕೆ, ಬಾಲ. ನಾಲ್ಕೇ ಬಣ್ಣದಲ್ಲೂ ಗುರುತು ಸಿಗುವ ಮೀನು ಅದು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಗಾಳಕ್ಕೆ ಹಿಡಿದ ಮಹಶೀರ್ 120 ಪೌಂಡ್, ಹತ್ತಿರಹತ್ತಿರ 54 ಕಿಲೋ ತೂಗಿತ್ತು. ಗೂನುಬೆನ್ನಿನ ಈ ಜಾತಿ 2018ರಿಂದ ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ, ಈಗ ಇದನ್ನು ನೋಡುವುದೇ ಅಪರೂಪ. ಇದನ್ನು ನೇಯುವವರು ಗೂನಿನ ಏರನ್ನು ಮೊದಲು ಗ್ರಾಫಿನಲ್ಲಿ ಸರಿಮಾಡಿಕೊಳ್ಳಿ. ತಲೆಯ ಹಿಂದಿನಿಂದ ಬೆನ್ನು ಥಟ್ಟನೆ ಏರುವುದರಿಂದ ಅಲ್ಲಿ ಒಂದೊಂದು ಸಾಲಿಗೆ ಎರಡೆರಡು ಕಂಬ ಹೆಚ್ಚಬೇಕು, ಬಾಲದ ಕಡೆ ಮೂರು ಸಾಲಿಗೆ ಒಂದು ಕಂಬ ಇಳಿದರೆ ಸಾಕು. ಕಿತ್ತಳೆ ಎಳೆಗಳನ್ನು ರೆಕ್ಕೆ ಮತ್ತು ಬಾಲದ ಕಂಬಗಳಲ್ಲಷ್ಟೇ ಹೂಡಿ, ಇಡೀ ಅಗಲಕ್ಕೆ ಬೇಡ. ಅಡಿಯಲ್ಲಿ ಎಳೆ ಕಡಿಮೆಯಾದಷ್ಟೂ ಉಬ್ಬು ಕಡಿಮೆ, ಎಪಾಕ್ಸಿಯೂ ಕಡಿಮೆ ಸಾಕು.